ಕೀಲಿಪದಗಳ ಹೊಂದಿಕೆಯೂ ಶೋಧಪ್ರಮಾಣವೂ

೧

ಜಾಹೀರಾತಿನ ಇತಿಹಾಸದಲ್ಲಿ ಮಾರಾಟಕ್ಕೆ ಬಂದ ವಸ್ತುಗಳು ಹಲವು. ಪತ್ರಿಕೆಯವರು ಪುಟದ ಅಂಗುಲಗಳನ್ನು ಮಾರಿದರು. ರೇಡಿಯೋದವರು ಕಾಲದ ನಿಮಿಷಗಳನ್ನು ಮಾರಿದರು. ಬೀದಿಯ ಗೋಡೆಗಳನ್ನೂ ರೈಲುನಿಲ್ದಾಣದ ಹಲಗೆಗಳನ್ನೂ ಬಾಡಿಗೆಗೆ ಕೊಟ್ಟವರುಂಟು. ಇವೆಲ್ಲವೂ ಉಭಯಪಕ್ಷಕ್ಕೂ ಸಮ್ಮತವಾದ ಅಳತೆಗೆ ಒಳಪಟ್ಟವು. ಅಂಗುಲವೆಂದರೆ ಮಾರುವವನಿಗೂ ಕೊಳ್ಳುವವನಿಗೂ ಒಂದೇ ಅಂಗುಲ. ಇಪ್ಪತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ವಸ್ತು ಸೇರಿತು. ಅದು ಪದ. ಪದವನ್ನು ಅಳೆಯುವುದು ಹೇಗೆ, ಅದರ ಎಲ್ಲೆ ಯಾವುದು, ಆ ಎಲ್ಲೆಯನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಅಂದಿನಿಂದ ಇಂದಿನವರೆಗೂ ಮುಂದುವರಿದು ಬಂದಿವೆ. ಈ ಪ್ರಶ್ನೆಗಳ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಅಂತರಜಾಲದ ಪುಟಗಳಲ್ಲಿ ಬೇಕಾದುದನ್ನು ಹುಡುಕಿಕೊಡುವ ಸಾಧನವು ಶೋಧಯಂತ್ರ (ಸರ್ಚ್ ಎಂಜಿನ್). ಹುಡುಕುವವನು ಅದರ ಪೆಟ್ಟಿಗೆಯಲ್ಲಿ ಬರೆಯುವ ಮಾತು ಶೋಧಪದ. ಅಂಥ ಮಾತಿನ ಜೊತೆಗೆ ತನ್ನ ಜಾಹೀರಾತು ಕಾಣಬೇಕೆಂದು ವ್ಯಾಪಾರಿಯು ಮುಂಚಿತವಾಗಿ ಗೊತ್ತುಮಾಡಿ ಬೆಲೆ ಕಟ್ಟಿದ ಮಾತು ಕೀಲಿಪದ (ಕೀವರ್ಡ್). ಇವೆರಡೂ ಸೇರುವ ಬಗೆಯು ಹೊಂದಿಕೆ (ಮ್ಯಾಚ್). ಒಂದು ಮಾತನ್ನು ಜನರು ತಿಂಗಳಿಗೆ ಎಷ್ಟು ಸಲ ಹುಡುಕುವರೆಂಬ ಎಣಿಕೆಯು ಶೋಧಪ್ರಮಾಣ (ಸರ್ಚ್ ವಾಲ್ಯೂಮ್).

ಇವು ಕೇವಲ ಅಂಗಡಿಯವರ ವಿಷಯವೆಂದು ವಿದ್ವಾಂಸರು ಬದಿಗಿಡುವಂತಿಲ್ಲ. ಶೋಧಪ್ರಮಾಣದ ಅಂಕಿಗಳನ್ನು ಜನಜೀವನದ ಆಸಕ್ತಿಗಳಿಗೆ ಸಾಕ್ಷ್ಯವಾಗಿ ಉದಾಹರಿಸುವ ವಾಡಿಕೆ ಈಗ ಬೆಳೆದಿದೆ. ಸಾಕ್ಷ್ಯವನ್ನು ಸ್ವೀಕರಿಸುವ ಮೊದಲು ಅದು ಹುಟ್ಟಿದ ಬಗೆಯನ್ನು ಪರೀಕ್ಷಿಸುವುದು ಇತಿಹಾಸಕಾರನ ಕರ್ತವ್ಯವಷ್ಟೆ.

೨

ಶೋಧಯಂತ್ರಗಳಿಗಿಂತಲೂ ಈ ಸಮಸ್ಯೆಯು ಹಳೆಯದು. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬಾತನು ೧೯೫೮ರಿಂದ ೧೯೬೦ರ ಸುಮಾರಿಗೆ ಗ್ರಂಥಗಳ ಶಿರೋನಾಮೆಯಲ್ಲಿನ ಮುಖ್ಯಪದಗಳನ್ನು ಯಂತ್ರದಿಂದಲೇ ಆರಿಸಿ, ಅಕಾರಾದಿಯಾಗಿ ಜೋಡಿಸಿ ಸೂಚಿಯನ್ನು ಸಿದ್ಧಪಡಿಸುವ ಕ್ರಮವನ್ನು ಬಳಕೆಗೆ ತಂದನು. ಇಂಗ್ಲಿಷಿನ ಅವ್ಯಯಾದಿ ಸಣ್ಣ ಪದಗಳನ್ನು ಸೂಚಿಯಿಂದ ಬಿಡಬೇಕೆಂಬ ನಿಯಮವೂ ಆ ಕ್ರಮದೊಳಗೇ ಇತ್ತು. ಯಾವ ಪದ ಅರ್ಥವುಳ್ಳದ್ದು, ಯಾವುದು ಬಿಡತಕ್ಕದ್ದು ಎಂಬ ವಿಭಾಗವು ಹೀಗೆ ಆರಂಭದಲ್ಲೇ ಕಾಣಿಸಿಕೊಂಡಿತು.

ಇಂಗ್ಲೆಂಡಿನ ಕ್ರಾನ್‌ಫೀಲ್ಡಿನಲ್ಲಿದ್ದ ವಿಮಾನವಿದ್ಯಾ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್‌ಡನ್ ೧೯೫೦ರ ದಶಕದ ಕೊನೆಯಿಂದ ೧೯೬೬ರವರೆಗೆ ನಡೆಸಿದ ಪರೀಕ್ಷೆಗಳು ಇನ್ನೊಂದು ತತ್ತ್ವವನ್ನು ಸ್ಥಾಪಿಸಿದುವು. ಬೇಕಾದ ಬರಹಗಳು ಒಂದೂ ತಪ್ಪದಂತೆ ಬಲೆಯನ್ನು ಅಗಲಿಸಿದರೆ ಬೇಡದವೂ ಅದರೊಳಗೆ ಬೀಳುತ್ತವೆ; ಬೇಡದವು ಬರಬಾರದೆಂದು ಬಲೆಯನ್ನು ಕಿರಿದುಮಾಡಿದರೆ ಬೇಕಾದ ಕೆಲವು ತಪ್ಪಿಹೋಗುತ್ತವೆ. ವ್ಯಾಪ್ತಿ ಮತ್ತು ಖಚಿತತೆ ಎಂಬ ಈ ಎರಡು ಗುಣಗಳು ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯತಕ್ಕವು. ಮುಂದೆ ಜಾಹೀರಾತುದಾರರು ಪಟ್ಟ ಪಾಡಿನ ಬೀಜವೆಲ್ಲ ಇಲ್ಲಿಯೇ ಇದೆ.

ಪದದ ರೂಪಭೇದಗಳನ್ನು ಒಂದುಗೂಡಿಸುವ ಪ್ರಯತ್ನವೂ ಇದೇ ಕಾಲದ್ದು. ಜೂಲಿ ಬೆತ್ ಲವಿನ್ಸ್ ೧೯೬೮ರಲ್ಲಿಯೂ ಮಾರ್ಟಿನ್ ಪೋರ್ಟರ್ ೧೯೮೦ರಲ್ಲಿಯೂ ಇಂಗ್ಲಿಷ್ ಪದಗಳ ಪ್ರತ್ಯಯಗಳನ್ನು ಕಳೆದು ಪ್ರಕೃತಿಯನ್ನು ಉಳಿಸುವ ಸೂತ್ರಗಳನ್ನು ಪ್ರಕಟಿಸಿದರು. ಏಕವಚನ ಬಹುವಚನಗಳೂ ಕ್ರಿಯೆಯ ನಾನಾ ರೂಪಗಳೂ ಒಂದೇ ಪದವೆಂದು ಯಂತ್ರಕ್ಕೆ ತಿಳಿಯುವಂತಾದುದು ಇಂಥ ಸೂತ್ರಗಳ ಬಲದಿಂದ. ಆದರೆ ಇದೆಲ್ಲವೂ ಗ್ರಂಥಭಂಡಾರದ ಕೆಲಸವಾಗಿತ್ತು. ಹೊಂದಿಕೆ ತಪ್ಪಿದರೆ ಓದುವವನಿಗೆ ಒಂದು ಬೇಡದ ಪುಸ್ತಕ ಸಿಕ್ಕುತ್ತಿತ್ತೇ ಹೊರತು, ಯಾರೂ ಹಣವನ್ನು ತೆರಬೇಕಾಗಿರಲಿಲ್ಲ.

೩

ಹಣವು ಈ ರಂಗವನ್ನು ಪ್ರವೇಶಿಸಿದುದು ೧೯೯೮ರಲ್ಲಿ. ಕ್ಯಾಲಿಫೋರ್ನಿಯದ ಪ್ಯಾಸಡೀನ ಪಟ್ಟಣದಲ್ಲಿ ಐಡಿಯಾಲ್ಯಾಬ್ ಎಂಬ ಸಂಸ್ಥೆಯನ್ನು ನಡೆಸುತ್ತಿದ್ದ ಬಿಲ್ ಗ್ರಾಸ್ ಎಂಬುವರು ಆ ವರ್ಷ ಗೋಟು ಎಂಬ ಶೋಧಯಂತ್ರವನ್ನು ಆರಂಭಿಸಿದರು. ಅದರ ನಿಯಮವು ಸರಳವಾಗಿತ್ತು. ಒಂದು ಪದಕ್ಕಾಗಿ ವ್ಯಾಪಾರಿಗಳು ಹರಾಜಿನಲ್ಲಿ ಸವಾಲು ಹಾಕುವರು. ಹೆಚ್ಚಿನ ಸವಾಲಿನವನ ಹೆಸರು ಮೇಲೆ, ಕಡಿಮೆಯವನದು ಕೆಳಗೆ. ಹುಡುಕುವವನು ಆ ಹೆಸರನ್ನು ಒತ್ತಿದಾಗ ಮಾತ್ರ ವ್ಯಾಪಾರಿಯು ತನ್ನ ಸವಾಲಿನ ಹಣವನ್ನು ತೆರುವನು. ಸವಾಲು ಒಂದು ಸೆಂಟಿನಿಂದಲೂ ಆರಂಭವಾಗಬಹುದಾಗಿತ್ತು. ಯಾರು ಎಷ್ಟು ಹಣ ಕೊಡುತ್ತಾರೆಂಬುದನ್ನು ಫಲಿತಾಂಶದ ಪಕ್ಕದಲ್ಲಿಯೇ ಎಲ್ಲರಿಗೂ ಕಾಣುವಂತೆ ಅಚ್ಚುಮಾಡುತ್ತಿದ್ದುದು ಈ ಪದ್ಧತಿಯ ವಿಶೇಷ. ವ್ಯಾಪಾರಿಯು ಆರಿಸಿದ ಪದಕ್ಕೂ ಆತನ ಸರಕಿಗೂ ಸಂಬಂಧವಿದೆಯೇ ಎಂಬುದನ್ನು ಮನುಷ್ಯರೇ ಕುಳಿತು ಪರಿಶೀಲಿಸುತ್ತಿದ್ದರು. ಪದ, ಬೆಲೆ, ಸ್ಥಾನ ಈ ಮೂರೂ ಬಯಲಿನಲ್ಲಿದ್ದುವು.

ಇದೇ ಸಂಸ್ಥೆಯು ೨೦೦೧ರಲ್ಲಿ ಓವರ್‌ಚರ್ ಎಂಬ ಹೆಸರನ್ನು ತಳೆಯಿತು. ಅದೇ ವರ್ಷ ಜುಲೈಯಲ್ಲಿ ಪದಗಳ ಹರಾಜಿನ ಕ್ರಮಕ್ಕೆ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ೨೦೦೩ರಲ್ಲಿ ಯಾಹೂ ಸಂಸ್ಥೆಯು ಓವರ್‌ಚರನ್ನು ಸುಮಾರು ೧೬೩ ಕೋಟಿ ಡಾಲರುಗಳಿಗೆ ಕೊಂಡಿತು. ೨೦೦೨ರಲ್ಲಿ ಓವರ್‌ಚರ್ ತನ್ನ ಪೇಟೆಂಟಿನ ಸಲುವಾಗಿ ಗೂಗಲ್ ಸಂಸ್ಥೆಯ ಮೇಲೆ ಹೂಡಿದ್ದ ವ್ಯಾಜ್ಯವು ೨೦೦೪ರ ಆಗಸ್ಟಿನಲ್ಲಿ ರಾಜಿಯಾಗಿ, ಗೂಗಲ್ ತನ್ನ ೨೭ ಲಕ್ಷ ಷೇರುಗಳನ್ನು ಯಾಹೂವಿಗೆ ಕೊಟ್ಟಿತು. ಪದಗಳ ಹರಾಜು ಎಷ್ಟು ಬೆಲೆಬಾಳುವ ಯುಕ್ತಿಯೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಶೋಧಪ್ರಮಾಣವು ಸಾರ್ವಜನಿಕರ ಕೈಗೆ ಬಂದುದೂ ಓವರ್‌ಚರಿನ ಮೂಲಕವೇ. ಪದಗಳನ್ನು ಸೂಚಿಸುವ ಅದರ ಸಲಕರಣೆಯಲ್ಲಿ ಒಂದು ಪದವನ್ನು ಬರೆದರೆ, ಹಿಂದಿನ ತಿಂಗಳಲ್ಲಿ ಆ ಪದವೂ ಅದನ್ನು ಒಳಗೊಂಡ ಇತರ ಪದಪುಂಜಗಳೂ ಎಷ್ಟು ಸಲ ಹುಡುಕಲ್ಪಟ್ಟುವೆಂಬ ಪಟ್ಟಿ ದೊರೆಯುತ್ತಿತ್ತು. ಯಾರು ಬೇಕಾದರೂ ಅದನ್ನು ನೋಡಬಹುದಾಗಿತ್ತು. ಆದರೆ ಈ ಮೊದಲ ಎಣಿಕೆಯೂ ಶುದ್ಧವಾದ ಪದದ ಎಣಿಕೆಯಾಗಿರಲಿಲ್ಲ. ಏಕವಚನ ಬಹುವಚನಗಳನ್ನು ಅದು ಒಂದೇ ಸಾಲಿಗೆ ಸೇರಿಸುತ್ತಿತ್ತು. ಅಳತೆಗೋಲಿನಲ್ಲಿ ಒಂದು ಸಣ್ಣ ಬಾಗು ಹುಟ್ಟಿನಿಂದಲೇ ಇತ್ತೆಂದು ಹೇಳಬೇಕಾಗುತ್ತದೆ.

೪

ಗೂಗಲ್ ಸಂಸ್ಥೆಯು ೨೦೦೦ದ ಅಕ್ಟೋಬರ್ ೨೩ರಂದು ೩೫೦ ಜಾಹೀರಾತುದಾರರೊಡನೆ ಆ್ಯಡ್‌ವರ್ಡ್ಸ್ ಎಂಬ ಏರ್ಪಾಟನ್ನು ಆರಂಭಿಸಿತು. ಮೊದಲು ಜಾಹೀರಾತು ಕಾಣಿಸಿಕೊಂಡ ಸಾವಿರ ಸಲಕ್ಕೆ ಇಷ್ಟೆಂದು ಹಣ ಪಡೆಯುತ್ತಿದ್ದು, ೨೦೦೨ರ ಫೆಬ್ರವರಿಯಲ್ಲಿ ಹರಾಜಿನ ಕ್ರಮಕ್ಕೆ ಬಂದಿತು. ಗೋಟುವಿನ ಹರಾಜಿಗೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿದ್ದುವು. ಸ್ಥಾನವನ್ನು ಗೊತ್ತುಮಾಡುವಾಗ ಸವಾಲಿನ ಜೊತೆಗೆ ಜನರು ಆ ಜಾಹೀರಾತನ್ನು ಎಷ್ಟರಮಟ್ಟಿಗೆ ಒತ್ತುತ್ತಾರೆಂಬುದನ್ನೂ ಲೆಕ್ಕಕ್ಕೆ ಹಿಡಿದರು. ಗೆದ್ದವನು ತನ್ನ ಪೂರ್ಣ ಸವಾಲನ್ನು ಕೊಡದೆ, ಕೆಳಗಿನವನನ್ನು ಮೀರಿಸಲು ಸಾಕಾಗುವಷ್ಟನ್ನು ಮಾತ್ರ ಕೊಟ್ಟರೆ ಸಾಕಾಯಿತು. ಬೆಲೆಯು ಬಯಲಿನಿಂದ ಮರೆಗೆ ಸರಿದುದೂ ಇಲ್ಲಿಂದಲೇ. ಎದುರಾಳಿಯ ಸವಾಲು ಎಷ್ಟೆಂಬುದು ಈ ಹರಾಜಿನಲ್ಲಿ ಕಾಣುತ್ತಿರಲಿಲ್ಲ.

ಹೊಂದಿಕೆಯ ಪ್ರಕಾರಗಳು ಸ್ಪಷ್ಟವಾದ ಚಿಹ್ನೆಗಳೊಡನೆ ನೆಲೆಗೊಂಡುದು ಈ ಏರ್ಪಾಟಿನಲ್ಲಿ. ತಿಳಿವಳಿಕೆಗಾಗಿ ನಮ್ಮ ಭಾಷೆಯ ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಒಬ್ಬ ವ್ಯಾಪಾರಿಯು ‘ರೇಷ್ಮೆ ಸೀರೆ’ ಎಂಬ ಕೀಲಿಪದವನ್ನು ಗೊತ್ತುಮಾಡಿದನೆನ್ನೋಣ. ಚೌಕಾಕಾರದ ಕಂಸದಲ್ಲಿ ಅದನ್ನು ಬರೆದರೆ ಯಥಾವತ್ ಹೊಂದಿಕೆ (ಎಕ್ಸಾಕ್ಟ್ ಮ್ಯಾಚ್). ಹುಡುಕುವವನು ‘ರೇಷ್ಮೆ ಸೀರೆ’ ಎಂದಷ್ಟೇ ಬರೆದರೆ ಜಾಹೀರಾತು ಕಾಣುವುದು, ಒಂದು ಪದ ಹೆಚ್ಚಾದರೂ ಕಾಣದು. ಉದ್ಧರಣಚಿಹ್ನೆಯಲ್ಲಿ ಬರೆದರೆ ಪದಪುಂಜ ಹೊಂದಿಕೆ (ಫ್ರೇಸ್ ಮ್ಯಾಚ್). ‘ಮದುವೆಗೆ ರೇಷ್ಮೆ ಸೀರೆ’ ಎಂಬಲ್ಲಿ ಆ ಎರಡು ಪದಗಳು ಅದೇ ಕ್ರಮದಲ್ಲಿ ಒಟ್ಟಿಗಿರುವುದರಿಂದ ಕಾಣುವುದು. ‘ಸೀರೆಗೆ ತಕ್ಕ ರೇಷ್ಮೆ ನೂಲು’ ಎಂಬಲ್ಲಿ ಕಾಣದು. ಯಾವ ಚಿಹ್ನೆಯೂ ಇಲ್ಲದೆ ಬರೆದರೆ ವಿಶಾಲ ಹೊಂದಿಕೆ (ಬ್ರಾಡ್ ಮ್ಯಾಚ್). ಇಲ್ಲಿ ಪದಗಳು ಎಲ್ಲಿದ್ದರೂ ಯಾವ ಕ್ರಮದಲ್ಲಿದ್ದರೂ ಸರಿ; ೨೦೦೩ರ ವಿಸ್ತರಣೆಯ ತರುವಾಯ ಸಂಬಂಧಪಟ್ಟ ಬೇರೆ ಪದಗಳಾದರೂ ಸರಿ. ಇವಲ್ಲದೆ ನಿಷೇಧಪದವೆಂಬುದೊಂದುಂಟು (ನೆಗೆಟಿವ್ ಕೀವರ್ಡ್). ‘ಬಾಡಿಗೆ’ ಎಂಬುದನ್ನು ನಿಷೇಧಪದವಾಗಿ ಗೊತ್ತುಮಾಡಿದರೆ, ಸೀರೆಯನ್ನು ಬಾಡಿಗೆಗೆ ಕೇಳುವವರಿಗೆ ಮಾರಾಟಗಾರನ ಜಾಹೀರಾತು ಕಾಣಿಸದು.

ಕ್ಲೆವರ್‌ಡನ್ನನ ತಕ್ಕಡಿಯು ಇಲ್ಲಿ ವ್ಯಾಪಾರಿಯ ಕೈಗೆ ಬಂದಿತೆಂದು ಹೇಳಬಹುದು. ಖಚಿತತೆ ಬೇಕಾದವನು ಕಂಸವನ್ನು ಹಾಕಿಕೊಂಡನು. ವ್ಯಾಪ್ತಿ ಬೇಕಾದವನು ಚಿಹ್ನೆಯನ್ನು ಬಿಟ್ಟನು. ತನ್ನ ಹಣವು ಯಾವ ಮಾತಿಗೆ ವ್ಯಯವಾಗಬೇಕೆಂಬ ನಿರ್ಣಯವು ಆತನದಾಗಿತ್ತು. ಈ ಸ್ಥಿತಿಯು ಸ್ಥೂಲವಾಗಿ ೨೦೧೨ರವರೆಗೆ ನಡೆಯಿತು. ೨೦೧೦ರಲ್ಲಿ ಇನ್ನೊಂದು ಮಧ್ಯಮಮಾರ್ಗವೂ ಸೇರಿತು: ಪದದ ಹಿಂದೆ ಕೂಡುಚಿಹ್ನೆಯನ್ನಿಟ್ಟರೆ ಆ ಪದವಾಗಲಿ ಅದರ ಸಮೀಪರೂಪವಾಗಲಿ ಶೋಧಪದದಲ್ಲಿ ಇರಲೇಬೇಕೆಂದು ಅರ್ಥ. ವಿಶಾಲ ಹೊಂದಿಕೆಯ ವ್ಯಾಪ್ತಿಗೆ ವ್ಯಾಪಾರಿಯೇ ಬೇಲಿ ಹಾಕಿಕೊಳ್ಳುವ ಉಪಾಯವಿದು.

೫

೨೦೧೨ರಿಂದ ಮುಂದಿನ ಇತಿಹಾಸವು ಈ ಬೇಲಿಗಳು ಒಂದೊಂದಾಗಿ ಸರಿದ ಇತಿಹಾಸ. ಅದನ್ನು ಕಾಲಾನುಕ್ರಮದಲ್ಲಿ ನೋಡಿದರೆ ಅದರ ದಿಕ್ಕು ತಾನಾಗಿ ಸ್ಪಷ್ಟವಾಗುವುದು.

೨೦೧೨ರ ವಸಂತದಲ್ಲಿ ಗೂಗಲ್ ಯಥಾವತ್ ಮತ್ತು ಪದಪುಂಜ ಹೊಂದಿಕೆಗಳಲ್ಲಿ ‘ಸಮೀಪರೂಪ’ಗಳನ್ನು ಸೇರಿಸಿತು. ಕಾಗುಣಿತದ ತಪ್ಪುಗಳು, ಏಕವಚನ ಬಹುವಚನಗಳು, ಸಂಕ್ಷೇಪಗಳು, ಒಂದೇ ಧಾತುವಿನ ರೂಪಗಳು ಇವೆಲ್ಲ ಒಂದೇ ಎಂದಾಯಿತು. ನೂರಕ್ಕೆ ೭ರಷ್ಟಾದರೂ ಶೋಧಪದಗಳಲ್ಲಿ ಕಾಗುಣಿತದ ತಪ್ಪಿರುತ್ತದೆಂಬುದು ಸಂಸ್ಥೆಯು ಕೊಟ್ಟ ಕಾರಣ. ಬೇಡವೆಂದವರು ಇದನ್ನು ನಿರಾಕರಿಸಲು ಆಗ ಅವಕಾಶವಿತ್ತು. ೨೦೧೪ರ ಸೆಪ್ಟೆಂಬರಿನಲ್ಲಿ ಆ ಅವಕಾಶವು ಇಲ್ಲವಾಯಿತು.

೨೦೧೭ರ ಮಾರ್ಚಿಯಲ್ಲಿ ಪ್ರಕಟವಾದ ನಿಯಮದಂತೆ ಯಥಾವತ್ ಹೊಂದಿಕೆಯಲ್ಲಿ ಪದಗಳ ಕ್ರಮವೂ ಇಂಗ್ಲಿಷಿನ ಉಪಸರ್ಗಾದಿ ಸಣ್ಣ ಪದಗಳೂ ಗಣನೆಗೆ ಬಾರದಾದುವು. ಕ್ರಮ ಬದಲಾದರೆ ಅರ್ಥವೇ ಬದಲಾಗುವಲ್ಲಿ, ಎಂದರೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಹೋಗುವ ವಿಮಾನಕ್ಕೂ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಬರುವ ವಿಮಾನಕ್ಕೂ ಇರುವಂಥ ಭೇದದಲ್ಲಿ, ಹೀಗೆ ಮಾಡುವುದಿಲ್ಲವೆಂಬ ಭರವಸೆಯೂ ಅದರ ಜೊತೆಗಿತ್ತು. ೨೦೧೮ರ ಜುಲೈಯಲ್ಲಿ ಆ್ಯಡ್‌ವರ್ಡ್ಸ್ ಎಂಬ ಹೆಸರು ಹೋಗಿ ಗೂಗಲ್ ಆ್ಯಡ್ಸ್ ಎಂದಾಯಿತು. ಹೆಸರಿನಿಂದ ‘ಪದ’ವು ಬಿಟ್ಟುಹೋದ ಎರಡು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಯಥಾವತ್ ಹೊಂದಿಕೆಯೊಳಕ್ಕೆ ಸಮಾನಾರ್ಥಕಗಳೂ ಪ್ರವೇಶಿಸಿದುವು. ಯೊಸೆಮಿಟಿ ಎಂಬ ಅರಣ್ಯಪ್ರದೇಶದಲ್ಲಿ ಬಿಡಾರ ಹೂಡುವುದನ್ನು ಕುರಿತ ಕೀಲಿಪದವು ಅಲ್ಲಿನ ಬಿಡಾರದ ತಾಣಗಳನ್ನು ಕೇಳುವ ಶೋಧಪದಕ್ಕೂ ಹೊಂದುವುದು, ಅಲ್ಲಿನ ಹೋಟೆಲನ್ನು ಕೇಳುವುದಕ್ಕೆ ಹೊಂದದು ಎಂಬುದು ಸಂಸ್ಥೆಯು ಕೊಟ್ಟ ನಿದರ್ಶನ. ೨೦೧೯ರ ಜುಲೈಯಲ್ಲಿ ಪದಪುಂಜ ಹೊಂದಿಕೆಗೂ ಕೂಡುಚಿಹ್ನೆಯ ಹೊಂದಿಕೆಗೂ ಇದೇ ನ್ಯಾಯವು ವಿಸ್ತರಿಸಿತು. ೨೦೨೧ರ ಫೆಬ್ರವರಿಯಲ್ಲಿ ಕೂಡುಚಿಹ್ನೆಯ ಪ್ರಕಾರವನ್ನು ಪದಪುಂಜ ಹೊಂದಿಕೆಯಲ್ಲಿ ಲೀನಗೊಳಿಸುವುದಾಗಿ ಸಂಸ್ಥೆಯು ತಿಳಿಸಿ, ಜುಲೈಯಿಂದ ಅಂಥ ಹೊಸ ಕೀಲಿಪದಗಳನ್ನು ಸೇರಿಸಲು ಆಸ್ಪದವಿಲ್ಲದಂತೆ ಮಾಡಿತು. ಮೈಕ್ರೋಸಾಫ್ಟ್ ಸಂಸ್ಥೆಯ ಜಾಹೀರಾತು ವಿಭಾಗವೂ ಅದೇ ವರ್ಷ ಇದೇ ದಾರಿಯನ್ನು ಹಿಡಿಯಿತು.

ಕೀಲಿಪದವೇ ಇಲ್ಲದೆ ಜಾಹೀರಾತನ್ನು ನಡೆಸುವ ಕ್ರಮಗಳೂ ಬದಿಯಲ್ಲಿ ಬೆಳೆಯುತ್ತಿದ್ದುವು. ೨೦೧೧ರಲ್ಲಿ ಬಂದ ಒಂದು ಏರ್ಪಾಟು ವ್ಯಾಪಾರಿಯ ಜಾಲಪುಟಗಳನ್ನೇ ಓದಿ ಶೋಧಪದಗಳನ್ನು ತಾನೇ ಗೊತ್ತುಮಾಡಿಕೊಂಡಿತು. ೨೦೨೧ರ ನವೆಂಬರಿನಲ್ಲಿ ಎಲ್ಲರಿಗೂ ದೊರೆತ ಪರ್ಫಾರ್ಮೆನ್ಸ್ ಮ್ಯಾಕ್ಸ್ ಮತ್ತು ೨೦೨೫ರ ಮೇ ತಿಂಗಳಲ್ಲಿ ಪ್ರಕಟವಾದ ಎ.ಐ. ಮ್ಯಾಕ್ಸ್ ಇದರ ಮುಂದಿನ ಹೆಜ್ಜೆಗಳು. ಆದರೂ ಯಥಾವತ್, ಪದಪುಂಜ, ವಿಶಾಲ ಎಂಬ ಮೂರು ಹೆಸರುಗಳು ಮಾತ್ರ ಇಂದಿಗೂ ಉಳಿದುಕೊಂಡಿವೆ. ನಿಷೇಧಪದವೊಂದೇ ತನ್ನ ಹಳೆಯ ಗುಣವನ್ನು ಬಹುಮಟ್ಟಿಗೆ ಕಾಪಾಡಿಕೊಂಡಿದೆ. ಅದು ಸಮಾನಾರ್ಥಕಗಳಿಗೆ ವ್ಯಾಪಿಸುವುದಿಲ್ಲ. ಕಾಗುಣಿತದ ತಪ್ಪುಗಳಿಗೆ ವ್ಯಾಪಿಸಿದುದೂ ೨೦೨೪ರಲ್ಲಿ. ಹೀಗಾಗಿ ಹಣವನ್ನು ವ್ಯಯಮಾಡಿಸುವ ಪದವು ಅರ್ಥದಿಂದ ಹಿಗ್ಗುತ್ತದೆ. ವ್ಯಯವನ್ನು ತಡೆಯುವ ಪದವು ಅಕ್ಷರಕ್ಕೇ ಕಟ್ಟುಬಿದ್ದಿದೆ. ಈ ವೈಷಮ್ಯವು ಗಮನಾರ್ಹ.

೬

ಇನ್ನು ಶೋಧಪ್ರಮಾಣದ ವಿಚಾರ. ಓವರ್‌ಚರಿನ ಸಲಕರಣೆಯು ೨೦೦೭ರ ಸುಮಾರಿಗೆ ನಿಂತುಹೋಯಿತು. ೨೦೦೬ರ ಮೇ ತಿಂಗಳಲ್ಲಿ ಗೂಗಲ್ ಆರಂಭಿಸಿದ ಟ್ರೆಂಡ್ಸ್ ಎಂಬುದು ಎಣಿಕೆಯನ್ನು ಕೊಡುವುದಲ್ಲ. ಆರಿಸಿಕೊಂಡ ಅವಧಿಯ ಅತ್ಯುನ್ನತ ಮಟ್ಟವನ್ನು ೧೦೦ ಎಂದಿಟ್ಟುಕೊಂಡು ಉಳಿದುದನ್ನು ಅದರೊಡನೆ ಹೋಲಿಸುವುದಷ್ಟೆ. ಅಲ್ಲಿ ೫೦ ಎಂದರೆ ಐವತ್ತು ಸಲವೆಂದಲ್ಲ. ಇದನ್ನು ಎಣಿಕೆಯೆಂದು ಭ್ರಮಿಸಿ ಉದಾಹರಿಸುವುದು ಇಂದಿಗೂ ಸಾಮಾನ್ಯವಾದ ಪ್ರಮಾದ. ೨೦೦೮ರ ಜುಲೈಯಿಂದ ಗೂಗಲ್‌ನ ಕೀವರ್ಡ್ ಟೂಲ್ ಎಂಬ ಸಲಕರಣೆಯು ಸ್ಥೂಲವಾದ ಅಂಕಿಗಳನ್ನು ತೋರಿಸತೊಡಗಿತು. ೨೦೧೩ರಲ್ಲಿ ಅದರ ಸ್ಥಾನಕ್ಕೆ ಕೀವರ್ಡ್ ಪ್ಲಾನರ್ ಬಂದಿತು. ಇದನ್ನು ನೋಡಲು ಜಾಹೀರಾತುದಾರನ ಖಾತೆಯಿರಬೇಕೆಂಬ ಕಟ್ಟಳೆಯಾಯಿತು.

೨೦೧೬ರಲ್ಲಿ ಎರಡು ಬದಲಾವಣೆಗಳಾದುವು. ಬೇಸಗೆಯಲ್ಲಿ ಒಂದೇ ಪದದ ಸಮೀಪರೂಪಗಳ ಎಣಿಕೆಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಅಂಕಿಯನ್ನು ತೋರಿಸಲಾರಂಭಿಸಿದರು. ಹಿಂದೆ ಬೇರೆ ಬೇರೆಯಾಗಿದ್ದ ಎರಡು ರೂಪಗಳು ಈಗ ತಲಾ ಅದೇ ಮೊತ್ತವನ್ನು ತೋರಿಸತೊಡಗಿದುವು. ತಿಳಿಯದವನು ಎರಡನ್ನೂ ಕೂಡಿಸಿದರೆ ಲೆಕ್ಕವು ಇಮ್ಮಡಿಯಾಗುವುದು. ಆಗಸ್ಟಿನಲ್ಲಿ, ಕಡಿಮೆ ಹಣ ವ್ಯಯಮಾಡುವ ಖಾತೆದಾರರಿಗೆ ಅಂಕಿಗೆ ಬದಲಾಗಿ ಒಂದು ಸಾವಿರದಿಂದ ಹತ್ತು ಸಾವಿರ, ಹತ್ತು ಸಾವಿರದಿಂದ ಒಂದು ಲಕ್ಷ ಎಂಬಂಥ ವಿಶಾಲವಾದ ಶ್ರೇಣಿಗಳು ಕಾಣತೊಡಗಿದುವು. ಸಾವಿರಕ್ಕೂ ಹತ್ತು ಸಾವಿರಕ್ಕೂ ಹತ್ತುಪಾಲಿನ ಅಂತರವಿದೆ. ಸಣ್ಣ ವ್ಯಾಪಾರಿಗೆ ಮಬ್ಬಾದ ಅಳತೆಗೋಲೂ ದೊಡ್ಡ ವ್ಯಾಪಾರಿಗೆ ಸ್ವಲ್ಪ ಸ್ಪಷ್ಟವಾದ ಅಳತೆಗೋಲೂ ಒಂದೇ ಅಂಗಡಿಯಲ್ಲಿ ಬಳಕೆಗೆ ಬಂದಂತಾಯಿತು.

ಈ ಅಂಕಿಗಳನ್ನು ಓದುವಾಗ ನೆನಪಿಡತಕ್ಕ ಸಂಗತಿಗಳು ಇನ್ನೂ ಕೆಲವಿವೆ. ಸಾಮಾನ್ಯವಾಗಿ ತೋರಿಸುವುದು ಹನ್ನೆರಡು ತಿಂಗಳ ಸರಾಸರಿ. ಹಬ್ಬದ ತಿಂಗಳಲ್ಲಿ ಉಬ್ಬಿ ಉಳಿದ ಕಾಲದಲ್ಲಿ ಇಳಿಯುವ ಪದದ ಏರಿಳಿತವು ಸರಾಸರಿಯಲ್ಲಿ ಅಡಗಿಹೋಗುವುದು. ಎಣಿಸುವುದು ಹುಡುಕಾಟಗಳನ್ನೇ ಹೊರತು ಹುಡುಕುವವರನ್ನಲ್ಲ. ಒಬ್ಬನೇ ಹತ್ತು ಸಲ ಹುಡುಕಿದರೆ ಹತ್ತಾಗುವುದು. ಅಂಕಿಗಳು ಸಮೀಪದ ಪೂರ್ಣಸಂಖ್ಯೆಗಳಿಗೆ ಒಗ್ಗಿಸಿದವು. ಒಂದೊಂದು ಹುಡುಕಾಟವನ್ನೂ ಎಣಿಸಿ ಕೊಟ್ಟವಲ್ಲ. ಬಹು ವಿರಳವಾಗಿ ಹುಡುಕಲ್ಪಡುವ ಕೀಲಿಪದವನ್ನು ‘ಅಲ್ಪ ಶೋಧಪ್ರಮಾಣ’ವುಳ್ಳದ್ದೆಂದು ಗುರುತಿಸಿ, ಹುಡುಕಾಟ ಹೆಚ್ಚುವವರೆಗೂ ಅದನ್ನು ನಿಷ್ಕ್ರಿಯವಾಗಿಡುವರು. ಮಿಗಿಲಾಗಿ, ಪ್ರತಿದಿನ ತನಗೆ ಬರುವ ಶೋಧಪದಗಳಲ್ಲಿ ನೂರಕ್ಕೆ ಸುಮಾರು ೧೫ರಷ್ಟು ಹಿಂದೆಂದೂ ಕಾಣದವೆಂದು ಗೂಗಲ್ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಹಿಂದಿಲ್ಲದ ಪದಕ್ಕೆ ಹಿಂದಿನ ಪ್ರಮಾಣವೆಂಬುದೇ ಇಲ್ಲ. ಆದುದರಿಂದ ಶೋಧಪ್ರಮಾಣವು ಎಂದಿಗೂ ಭಾಷೆಯ ರೂಢಿಯಾದ ಭಾಗವನ್ನು ಮಾತ್ರ ಕಾಣಬಲ್ಲುದು.

ವ್ಯಾಪಾರಿಯು ತಾನು ಯಾವ ಶೋಧಪದಗಳಿಗೆ ಹಣ ತೆತ್ತೆನೆಂಬುದನ್ನು ತಿಳಿಯಲು ಇದ್ದ ಪಟ್ಟಿಯೂ ಇದೇ ಕಾಲದಲ್ಲಿ ಸಂಕುಚಿತವಾಯಿತು. ಗಣನೀಯ ಸಂಖ್ಯೆಯ ಜನರು ಹುಡುಕಿದ ಪದಗಳನ್ನು ಮಾತ್ರ ತೋರಿಸುವುದಾಗಿ ೨೦೨೦ರ ಸೆಪ್ಟೆಂಬರಿನಲ್ಲಿ ಸಂಸ್ಥೆಯು ತಿಳಿಸಿತು. ಹುಡುಕುವವರ ಗೋಪ್ಯತೆಯ ರಕ್ಷಣೆಯೇ ಇದಕ್ಕೆ ಕೊಟ್ಟ ಕಾರಣ. ಮರುವರ್ಷ ಈ ಮಿತಿಯನ್ನು ಸ್ವಲ್ಪ ಸಡಿಲಿಸಿದರೂ ಮೊದಲಿನ ಪೂರ್ಣತೆಯು ಮರಳಲಿಲ್ಲ.

೭

ಪದದ ಮೇಲಿನ ಅಧಿಕಾರವು ಯಾರದೆಂಬ ಪ್ರಶ್ನೆಯು ನ್ಯಾಯಸ್ಥಾನಗಳಿಗೂ ಹೋಯಿತು. ಮೊದಲು ಎದ್ದುದು ಒಬ್ಬನ ವ್ಯಾಪಾರಮುದ್ರೆಯಾದ ಪದವನ್ನು ಇನ್ನೊಬ್ಬನಿಗೆ ಕೀಲಿಪದವಾಗಿ ಮಾರಬಹುದೇ ಎಂಬ ಪ್ರಶ್ನೆ. ಲೂಯಿ ವಿಟಾನ್ ಸಂಸ್ಥೆಯು ಸೇರಿದ್ದ ವ್ಯಾಜ್ಯದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ೨೦೧೦ರ ಮಾರ್ಚಿ ೨೩ರಂದು ಕೊಟ್ಟ ತೀರ್ಪಿನ ಪ್ರಕಾರ, ಪದವನ್ನು ಸಂಗ್ರಹಿಸಿಟ್ಟು ಮಾರುವುದರಿಂದ ಗೂಗಲ್ ಸ್ವತಃ ಆ ಮುದ್ರೆಯನ್ನು ಬಳಸಿದಂತಾಗುವುದಿಲ್ಲ; ಸರಕು ಯಾರದೆಂಬ ಗೊಂದಲವನ್ನು ಜಾಹೀರಾತು ಉಂಟುಮಾಡಿದರೆ ಜಾಹೀರಾತುದಾರನು ಹೊಣೆಯಾಗಬಹುದು. ಅದೇ ವರ್ಷ ಸೆಪ್ಟೆಂಬರ್ ೩೦ರಂದು ಮದರಾಸಿನ ಉಚ್ಚ ನ್ಯಾಯಾಲಯವು, ಭಾರತ್ ಮ್ಯಾಟ್ರಿಮೊನಿಯ ಒಡೆಯರಾದ ಕನ್ಸಿಂ ಸಂಸ್ಥೆಯವರು ಗೂಗಲ್ ಇಂಡಿಯಾ ಮತ್ತು ಇತರ ವಿವಾಹಜಾಲಗಳ ಮೇಲೆ ತಂದ ವ್ಯಾಜ್ಯದಲ್ಲಿ, ವಿವಾಹಸೂಚಕವಾದ ಸಾಮಾನ್ಯಪದಗಳು ಎಲ್ಲರ ಬಳಕೆಗೂ ಸೇರಿದ ವರ್ಣನೆಯ ಮಾತುಗಳೆಂಬುದನ್ನು ಎತ್ತಿಹಿಡಿದು ಮಧ್ಯಂತರ ತಡೆಯಾಜ್ಞೆಯನ್ನು ನಿರಾಕರಿಸಿತು. ದೆಹಲಿಯ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ೨೦೨೩ರ ಆಗಸ್ಟ್ ೧೦ರಂದು ಅಗರ್‌ವಾಲ್ ಪ್ಯಾಕರ್ಸ್ ಎಂಬ ಮುದ್ರೆಯ ಸಂಬಂಧವಾದ ಮೊಕದ್ದಮೆಯಲ್ಲಿ ಐರೋಪ್ಯ ನ್ಯಾಯಾಲಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಈ ವ್ಯವಹಾರದಲ್ಲಿ ಗೂಗಲ್ ಕೇವಲ ತಟಸ್ಥನಲ್ಲ, ಸಕ್ರಿಯ ಭಾಗಿಯೆಂದು ಹೇಳಿತು. ಆದರೆ ಗೊಂದಲವುಂಟಾಗದಿದ್ದಲ್ಲಿ ಕೀಲಿಪದವಾಗಿ ಬಳಸಿದ ಮಾತ್ರಕ್ಕೆ ಮುದ್ರೆಯ ಉಲ್ಲಂಘನೆಯಾಗುವುದಿಲ್ಲವೆಂದೂ ಅದು ಸ್ಪಷ್ಟಪಡಿಸಿತು.

ಹೊಂದಿಕೆಯ ನಿಯಮಗಳೇ ವಿಚಾರಣೆಗೆ ಬಂದುದು ಅಮೆರಿಕದಲ್ಲಿ. ಅಲ್ಲಿನ ಕೇಂದ್ರ ಸರ್ಕಾರವು ೨೦೨೦ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ೨೦೨೪ರ ಆಗಸ್ಟ್ ೫ರಂದು ತೀರ್ಪನ್ನಿತ್ತು, ಸಾಮಾನ್ಯ ಶೋಧದಲ್ಲಿಯೂ ಅದರ ಜೊತೆಗಿನ ಅಕ್ಷರರೂಪದ ಜಾಹೀರಾತಿನಲ್ಲಿಯೂ ಗೂಗಲ್ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿತೆಂದು ನಿರ್ಣಯಿಸಿದರು. ಪ್ರತಿಸ್ಪರ್ಧಿಗಳ ಭಯವಿಲ್ಲದೆ ಜಾಹೀರಾತಿನ ಬೆಲೆಯನ್ನು ಏರಿಸಲು ಆ ಸಂಸ್ಥೆಗೆ ಸಾಧ್ಯವಾಯಿತೆಂಬುದೂ ಆ ನಿರ್ಣಯದಲ್ಲಿದೆ. ಹೊಂದಿಕೆಯ ಬದಲಾವಣೆಗಳೂ ಶೋಧಪದಗಳ ಪಟ್ಟಿಯ ಸಂಕೋಚವೂ ಅಲ್ಲಿ ಚರ್ಚೆಗೆ ಬಂದುವು. ಪರಿಹಾರವನ್ನು ಗೊತ್ತುಮಾಡುವ ಹಂತದಲ್ಲಿ ಸರ್ಕಾರದ ಪಕ್ಷದವರು, ಅಕ್ಷರಶಃ ಹೊಂದಿಕೆಯ ಪ್ರಕಾರವನ್ನು ಮರಳಿ ತರಬೇಕೆಂದೂ ಜಾಹೀರಾತುದಾರರಿಗೆ ಶೋಧಪದಗಳ ವಿವರಗಳನ್ನು ಕೊಡಬೇಕೆಂದೂ ಕೇಳಿದರು. ೨೦೨೫ರ ಸೆಪ್ಟೆಂಬರ್ ೨ರ ನಿರ್ಣಯದಲ್ಲಿ ಈ ಎರಡು ಪ್ರಾರ್ಥನೆಗಳೂ ತಿರಸ್ಕೃತವಾದುವು. ಹರಾಜಿನಲ್ಲಿ ಮಾಡುವ ಮುಖ್ಯ ಬದಲಾವಣೆಗಳನ್ನು ಬಹಿರಂಗಪಡಿಸಬೇಕೆಂಬುದೊಂದು ಮಾತ್ರ ಅಂಗೀಕೃತವಾಯಿತು.

೮

ಈ ಇತಿಹಾಸದ ತಾತ್ಪರ್ಯವೇನು? ಸಂಸ್ಥೆಯ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲದಿಲ್ಲ. ಜನರು ಒಂದೇ ವಸ್ತುವನ್ನು ನೂರು ಬಗೆಯಾಗಿ ಕೇಳುತ್ತಾರೆ. ಆ ನೂರನ್ನೂ ಮುಂಗಂಡು ಪಟ್ಟಿಮಾಡುವುದು ಯಾವ ವ್ಯಾಪಾರಿಗೂ ಅಳವಲ್ಲ. ವಿಭಕ್ತಿಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮಂಥ ಭಾಷೆಗಳಲ್ಲಿ ಈ ಕಷ್ಟವು ಇನ್ನೂ ಹೆಚ್ಚು. ಇಂಗ್ಲಿಷಿನಲ್ಲಿ ಬೇರೆ ನಿಲ್ಲುವ ಸಣ್ಣ ಪದಗಳು ಕನ್ನಡದಲ್ಲಿ ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎಂದು ಪದದ ಮೈಯೊಳಗೇ ಸೇರುತ್ತವೆ. ಅಕ್ಷರಶಃ ಹೊಂದಿಕೆಯೊಂದನ್ನೇ ಹಿಡಿದರೆ ಒಂದು ನಾಮಪದಕ್ಕೆ ಹತ್ತಾರು ಕೀಲಿಪದಗಳು ಬೇಕಾದಾವು. ಆದುದರಿಂದ ರೂಪಭೇದಗಳನ್ನು ಒಂದೆಂದು ತಿಳಿಯುವುದು ಯಂತ್ರದ ದೋಷವಲ್ಲ, ಗುಣವೇ ಸರಿ.

ಆದರೆ ರೂಪಭೇದದಿಂದ ಅರ್ಥಸಾಮ್ಯಕ್ಕೆ ದಾಟಿದ ಹೆಜ್ಜೆಯು ಬೇರೆ ಜಾತಿಯದು. ನಮ್ಮ ಶಾಸ್ತ್ರಕಾರರು ಶಬ್ದದ ವೃತ್ತಿಗಳನ್ನು ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ವಿಂಗಡಿಸಿದುದು ವಾಚಕರಿಗೆ ತಿಳಿದಿದೆ. ಗಂಗೆಯ ಮೇಲೆ ಹಳ್ಳಿಯಿದೆ ಎಂದಾಗ ಗಂಗೆಯ ದಡವೆಂದು ತಿಳಿಯುವುದು ಲಕ್ಷಣೆ. ಆದರೆ ಹಾಗೆ ತಿಳಿಯಲು ಅವರು ಒಂದು ಕಟ್ಟುಪಾಡನ್ನು ವಿಧಿಸಿದರು: ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಮಾತ್ರ ಲಕ್ಷ್ಯಾರ್ಥಕ್ಕೆ ಹೋಗತಕ್ಕದ್ದು. ನೀರಿನ ಮೇಲೆ ಹಳ್ಳಿ ನಿಲ್ಲಲಾರದು. ಆದುದರಿಂದ ದಡಕ್ಕೆ ಹೋಗುತ್ತೇವೆ. ೨೦೧೮ರ ತರುವಾಯದ ಯಥಾವತ್ ಹೊಂದಿಕೆಯಲ್ಲಿ ಈ ಕಟ್ಟುಪಾಡಿಲ್ಲ. ಮುಖ್ಯಾರ್ಥಕ್ಕೆ ಯಾವ ಬಾಧೆಯೂ ಇಲ್ಲದಿರುವಾಗಲೂ ಪದವು ತನ್ನ ನೆರೆಹೊರೆಗೆ ಹರಿಯಬಹುದು. ಎಷ್ಟು ದೂರ ಹರಿಯಬಹುದೆಂಬುದನ್ನು ಗೊತ್ತುಮಾಡುವುದು ಪದವನ್ನು ಮಾರುವವನೇ. ವ್ಯಾಪಾರಿಯ ಪಟ್ಟಿಯಲ್ಲಿ ಶೋಧಪದಕ್ಕೆ ಅಕ್ಷರಶಃ ಒಂದಾದ ಯಥಾವತ್ ಕೀಲಿಪದವಿದ್ದರೆ ಅದಕ್ಕೇ ಆದ್ಯತೆಯೆಂಬ ನಿಯಮವು ೨೦೨೧ರಲ್ಲಿ ಬಂದುದು ನಿಜ. ಆದರೆ ಅದು ಒಬ್ಬನದೇ ಪದಗಳೊಳಗಿನ ಸರದಿಯನ್ನು ಗೊತ್ತುಮಾಡಿತೇ ಹೊರತು, ಒಂದು ಪದದ ಹರಿವಿಗೆ ಎಲ್ಲೆಯನ್ನು ಹಾಕಲಿಲ್ಲ.

ಹೊಂದಿಕೆ ಮತ್ತು ಶೋಧಪ್ರಮಾಣಗಳ ಕಥೆಗಳು ಕೂಡುವುದು ಇಲ್ಲಿಯೇ. ಪದದ ಎಲ್ಲೆಯು ಸಡಿಲವಾದಂತೆ ಅದರ ಎಣಿಕೆಯೂ ಗುಂಪಿನ ಎಣಿಕೆಯಾಯಿತು. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಾಗಿಡುವುದು ಸಾಧ್ಯವಿರಲಿಲ್ಲ. ಸರಕಿನ ಹೆಸರು, ಅದರ ಅಳತೆ, ಅದರ ಬೆಲೆ, ಮಾರಿದ ಮೇಲಿನ ಲೆಕ್ಕ ಈ ನಾಲ್ಕೂ ಒಂದೇ ಕೈಯಲ್ಲಿ ಸೇರಿದುವು. ೧೯೯೮ರ ಗೋಟುವಿನಲ್ಲಿ ಬಯಲಿನಲ್ಲಿದ್ದ ಪದ, ಬೆಲೆ, ಸ್ಥಾನಗಳ ಪೈಕಿ ಇಂದು ಕಣ್ಣಿಗೆ ಕಾಣುವುದು ಸ್ಥಾನವೊಂದೇ. ಈ ಸಾಧನವು ನಿರುಪಯುಕ್ತವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಸಂಖ್ಯ ಸಣ್ಣ ವ್ಯಾಪಾರಿಗಳು ಗಿರಾಕಿಗಳನ್ನು ಕಾಣುವುದು ಇದರಿಂದಲೇ. ಅಂಥವರು ನಿಷೇಧಪದಗಳನ್ನು ಆಗಾಗ ಸೇರಿಸುತ್ತ, ದೊರೆಯುವ ಶೋಧಪದಗಳ ಪಟ್ಟಿಯನ್ನು ತಪ್ಪದೆ ನೋಡುತ್ತ, ಶೋಧಪ್ರಮಾಣವನ್ನು ದಿಕ್ಕಿನ ಸೂಚನೆಯಾಗಿ ಮಾತ್ರ ತೆಗೆದುಕೊಳ್ಳುವುದು ಕ್ಷೇಮಕರ.

ನಮ್ಮ ಶಾಸನಗಳಲ್ಲಿ ಭೂಮಿಯನ್ನು ದಾನಮಾಡುವಾಗ ಇಷ್ಟು ಮತ್ತರೆಂದು ಹೇಳಿ ಬಿಡದೆ, ಭೇರುಂಡ ಗಳೆಯೇ ಮೊದಲಾದವುಗಳಲ್ಲಿ ಯಾವ ಗಳೆಯಿಂದ ಅಳೆದದ್ದೆಂಬುದನ್ನೂ ಎಷ್ಟೋ ಕಡೆ ಹೇಳಿರುವರು. ಊರಿನಿಂದೂರಿಗೆ ಅಳತೆಗೋಲು ಬದಲಾಗುತ್ತಿತ್ತೆಂಬುದನ್ನು ಅವರು ಬಲ್ಲರು. ಶೋಧಪ್ರಮಾಣದ ಅಂಕಿಗಳನ್ನು ಸಂಶೋಧನೆಗೆ ಬಳಸುವವರು ಇದೇ ರೂಢಿಯನ್ನು ಅನುಸರಿಸುವುದು ಉಚಿತ. ಯಾವ ಸಲಕರಣೆಯಿಂದ ಪಡೆದ ಅಂಕಿ, ಯಾವ ವರ್ಷದ್ದು, ರೂಪಭೇದಗಳನ್ನು ಕೂಡಿಸಿದ್ದೋ ಬಿಡಿಸಿದ್ದೋ, ಎಣಿಕೆಯೋ ಹೋಲಿಕೆಯೋ ಎಂಬುದನ್ನು ಅಂಕಿಯ ಪಕ್ಕದಲ್ಲಿಯೇ ಬರೆದಿಡಬೇಕು. ೨೦೦೫ರ ಅಂಕಿಯನ್ನೂ ೨೦೧೭ರ ಅಂಕಿಯನ್ನೂ ಒಂದೇ ಗಳೆಯಿಂದ ಅಳೆದವೆಂದು ಭಾವಿಸಿ ಜನರ ಆಸಕ್ತಿಯು ಇಷ್ಟು ಬೆಳೆಯಿತೆಂದು ಸಿದ್ಧಾಂತಮಾಡಿದರೆ, ಬೆಳೆದದ್ದು ಆಸಕ್ತಿಯೋ ಗಳೆಯ ಉದ್ದವೋ ಎಂಬುದು ಮುಂದೆ ಯಾರಿಗೂ ತಿಳಿಯದಂತಾದೀತು.